ಕ್ಯಾಟಲನ್ ಅಸ್ಮಿತೆ ಬಗ್ಗೆ ಪ್ರಬಂಧ: ಮಾನವಶಾಸ್ತ್ರದ ಮೇಷ್ಟ್ರನ್ನು ಕೇಳಿ

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ):
ನಮಸ್ಕಾರ ಸರ್. ಮಾನವಶಾಸ್ತ್ರದಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ. ಕ್ಯಾಟಲನ್ನರ, ಅಂದರೆ ಸ್ಪೇನಿನ ಈಶಾನ್ಯದ ಕ್ಯಾಟಲೋನಿಯಾ ಪ್ರಾಂತ್ಯದವರ, ರಾಷ್ಟ್ರೀಯ ಅಸ್ಮಿತೆ ಬಗ್ಗೆ ಪ್ರಬಂಧ ಬರೆಯಬೇಕು. 1714ರಲ್ಲಿ ಅವರ ರಾಜಧಾನಿ ಬಾರ್ಸಿಲೋನಾ ಸ್ಪೇನಿನ ರಾಜನ ಸೈನ್ಯಕ್ಕೆ ಸೋತಿದ್ದು, ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಕ್ಯಾಟಲನ್ ಭಾಷೆಯನ್ನು ಹತ್ತಿಕ್ಕಿದ್ದು, ಸ್ಪೇನಿನಿಂದ ಸ್ವತಂತ್ರವಾಗುವ ಬಗ್ಗೆ 2017ರ ಜನಮತಗಣನೆ, ಎಲ್ಲ ಹಾಕಿದ್ದೇನೆ. ಗೈಡ್ ಓದಿ, "ಇದು ಇತಿಹಾಸದ ನೋಟ್ಸ್. ಇದರಲ್ಲಿ ಜನ ಎಲ್ಲಿದ್ದಾರೆ?" ಅಂತ ಬರೆದು ವಾಪಸ್ ಕೊಟ್ಟರು. ಎಲ್ಲಿಂದ ಸರಿಮಾಡಲಿ?

ಉತ್ತರ:
ನಿಮ್ಮ ಮಾಹಿತಿ ಸರಿಯಾಗಿಯೇ ಇದೆ. ಗೈಡ್ ಕೇಳಿದ್ದೂ ಸರಿ. 1714ರಿಂದ 2017ರವರೆಗಿನದು ಕ್ಯಾಟಲನ್ನರಲ್ಲಿ ಹಲವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕಥೆ. ಅದನ್ನು ಯಾರು, ಯಾವಾಗ, ಯಾರ ಮುಂದೆ ಹೇಳುತ್ತಾರೆ ಅಂತ ನೋಡುವುದು ನಮ್ಮ ಕೆಲಸ. ಸೋತ ದಿನವಾದ ಸೆಪ್ಟೆಂಬರ್ 11 ಅವರ ರಾಷ್ಟ್ರೀಯ ದಿನ. ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ 1714ರ ನೆನಪಿಗೆ, ಪಂದ್ಯ 17 ನಿಮಿಷ 14 ಸೆಕೆಂಡಿಗೆ ಬಂದಾಗ ಒಂದಷ್ಟು ಪ್ರೇಕ್ಷಕರು ಸ್ವಾತಂತ್ರ್ಯದ ಕೂಗು ಹಾಕುವ ರೂಢಿ 2012ರಿಂದ ಬೆಳೆಯಿತು. ಇಂಥ ಒಂದು ಗಳಿಗೆ ಹಿಡಿದು ಶುರು ಮಾಡಿ.

ನನ್ನನ್ನು ಕೇಳಿದರೆ 'ಕಸ್ತೆಲ್' ಆರಿಸಿಕೊಳ್ಳಿ, ಅಂದರೆ ಮನುಷ್ಯರೇ ಕಟ್ಟುವ ಗೋಪುರ. ತಾರಗೋನಾ ಹತ್ತಿರದ ವಾಲ್ಸ್ ಊರು ಇದರ ತವರು. ಬುಡದಲ್ಲಿ ನೂರಾರು ಜನ ಎದೆಗೆ ಬೆನ್ನು ಒತ್ತಿ ನಿಲ್ಲುತ್ತಾರೆ. ಸೊಂಟಕ್ಕೆ ಉದ್ದದ ಬಟ್ಟೆ ಬಿಗಿಯಾಗಿ ಸುತ್ತಿರುತ್ತಾರೆ. ಬೆನ್ನಿಗೆ ಅದು ಆಸರೆ. ಬರಿಗಾಲಲ್ಲಿ ಹತ್ತುವವರು ಅದರ ಮೇಲೆ ಕಾಲಿಟ್ಟೇ ಮೇಲೇರುತ್ತಾರೆ. ಕೆಳಗೆ 'ಗ್ರಾಲ್ಯಾ' ಎಂಬ ಊದುವ ವಾದ್ಯ ನುಡಿಯುತ್ತಿರುತ್ತದೆ. ಒಳಗೆ ಸಿಕ್ಕಿಕೊಂಡವರಿಗೆ ಏನೂ ಕಾಣುವುದಿಲ್ಲ. ಗೋಪುರ ಎಲ್ಲಿಗೆ ಬಂತು ಅಂತ ಆ ದನಿಯಿಂದಲೇ ತಿಳಿಯಬೇಕು. ಕೊನೆಗೆ ಒಂದು ಪುಟ್ಟ ಮಗು ತುದಿಗೆ ಹೋಗಿ ಕೈ ಎತ್ತುತ್ತದೆ. 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಇದು ಸೇರಿತು.

ಈಗ ಕೇಳಿಕೊಳ್ಳಿ, ಆ ಬುಡದಲ್ಲಿ ನಿಂತವರು ಯಾರು? 1950, 60ರ ದಶಕಗಳಲ್ಲಿ ದಕ್ಷಿಣ ಸ್ಪೇನಿನ, ಸ್ಪ್ಯಾನಿಷ್ ಮಾತಾಡುವ ಆಂಡಲೂಸಿಯಾದಿಂದ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳೂ ಅಲ್ಲಿದ್ದಾರೆ. ಕ್ಯಾಟಲೋನಿಯಾದಲ್ಲಿ ಬದುಕಿ ದುಡಿಯುವವರೆಲ್ಲ ಕ್ಯಾಟಲನ್ನರೇ ಅನ್ನುವ ಮಾತನ್ನು ಅಲ್ಲಿನ ನಾಯಕ ಜೋರ್ಡಿ ಪುಜೋಲ್ ಮತ್ತೆ ಮತ್ತೆ ಆಡುತ್ತಿದ್ದರು. ಆ ಬಾಗಿಲು ನಿಜಕ್ಕೂ ಅಷ್ಟು ತೆರೆದಿದೆಯಾ? ಇದೇ ನಿಮ್ಮ ಪ್ರಬಂಧದ ಪ್ರಶ್ನೆ ಆಗಲಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ತುಂಬಾ ಥ್ಯಾಂಕ್ಸ್ ಸರ್. ಎದುರಿನವರು ಸ್ಪ್ಯಾನಿಷ್ ಮಾತಾಡುವವರು ಅಂತ ಗೊತ್ತಾದರೆ ಕ್ಯಾಟಲನ್ನರೂ ಸ್ಪ್ಯಾನಿಷ್‌ಗೆ ಹೊರಳುತ್ತಾರಂತೆ. ಬೆಂಗಳೂರಿನಲ್ಲಿ ನಾವು ಮಾಡುವುದೂ ಅದೇ ಅಲ್ವಾ? ಹೋಲಿಸಬಹುದಾ?

ಉತ್ತರ:
ಹೋಲಿಸಿ, ಆದರೆ ಒಂದೇ ಪ್ಯಾರಾದಲ್ಲಿ. ಅಲ್ಲಿ ವಲಸೆ ಕೂಲಿಕಾರರ ಭಾಷೆಯೇ ದೇಶದ ಅಧಿಕೃತ ಭಾಷೆ. ಕ್ಯಾಟಲನ್ ಸ್ಥಳೀಯ ಅನುಕೂಲಸ್ಥರ ಭಾಷೆ. ಬೆಂಗಳೂರಿನಲ್ಲಿ ಅನುಕೂಲಸ್ಥರ ಭಾಷೆಯ ಜಾಗದಲ್ಲಿ ಇಂಗ್ಲಿಷ್ ಕೂತಿದೆ. ಸಾಮ್ಯಕ್ಕಿಂತ ಈ ವ್ಯತ್ಯಾಸ ಬರೆದರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಕ್ಯಾಥರಿನ್ ವೂಲಾರ್ಡ್ ಅವರ ಕೆಲಸ ತಪ್ಪದೆ ಓದಿ. 1980ರ ಹೊತ್ತಿಗೆ ಬಾರ್ಸಿಲೋನಾದಲ್ಲಿ ಅವರು ಒಬ್ಬರದೇ ದನಿಯನ್ನು ಎರಡೂ ಭಾಷೆಯಲ್ಲಿ ಕೇಳಿಸಿ, ಮಾತಾಡಿದವರ ಬಗ್ಗೆ ಹದಿಹರೆಯದ ವಿದ್ಯಾರ್ಥಿಗಳ ಅಭಿಪ್ರಾಯ ಪಡೆದರು. ಸ್ಪ್ಯಾನಿಷ್ ಮನೆಮಾತಿನವರು ಕ್ಯಾಟಲನ್ ಆಡಿದರೆ ಅವರ ಕಡೆಯವರಿಗೇ ಅದು ಹಿಡಿಸುತ್ತಿರಲಿಲ್ಲ. 1983ರ ಭಾಷಾ ಕಾಯ್ದೆ ಬಂದು ಶಾಲೆಗಳಲ್ಲಿ ಕ್ಯಾಟಲನ್ ಗಟ್ಟಿಯಾಗತೊಡಗಿತು. 1987ರಲ್ಲಿ ಮತ್ತೆ ಕೇಳಿಸಿದಾಗ ಆ ಮುನಿಸು ಬಹಳ ಕಮ್ಮಿಯಾಗಿತ್ತು. 1987ರಲ್ಲಿ ತರಗತಿಯಲ್ಲಿ ಕಂಡಿದ್ದ ಹುಡುಗ ಹುಡುಗಿಯರನ್ನು 20 ವರ್ಷದ ನಂತರ ಅವರು ಮತ್ತೆ ಹುಡುಕಿ ಮಾತಾಡಿಸಿದರು. ಅವರಲ್ಲಿ ಹಲವರು ಬೆಳೆಯುತ್ತಾ ಕ್ಯಾಟಲನ್ ಅನ್ನೂ ತಮ್ಮದಾಗಿ ಮಾಡಿಕೊಂಡಿದ್ದರು. ಒಬ್ಬ ಮನುಷ್ಯನ ಬದುಕಿನಲ್ಲೇ ಅಸ್ಮಿತೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಂಡಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯ):
ಸರ್, ಬರವಣಿಗೆ ಬಗ್ಗೆಯೂ ಹೇಳಿ. ಪ್ರಬಂಧದಲ್ಲಿ 'ನಾನು' ಅಂತ ಬರೆಯಬಹುದಾ?

ಉತ್ತರ:
ಬರೆಯಬಹುದು. ನಮ್ಮ ಶಾಸ್ತ್ರದಲ್ಲಿ ಅದು ತಪ್ಪಲ್ಲ. ಆದರೆ ಬಾರ್ಸಿಲೋನಾ ನೋಡದೆ ನೋಡಿದವರ ಹಾಗೆ ಬರೆಯಬೇಡಿ. ಯಾರು ನೋಡಿದ್ದು, ಯಾವ ವರ್ಷ, ಅಲ್ಲೇ ಹೇಳಿ. ಜಾಸ್ತಿ ಕಾಣುವ ತೊಂದರೆ ಇನ್ನೊಂದಿದೆ. "ಕ್ಯಾಟಲನ್ನರು ಸ್ವಾತಂತ್ರ್ಯ ಬಯಸುತ್ತಾರೆ" ಅಂತ ಸುಮ್ನೆ ಬರೆದುಬಿಡುತ್ತಾರೆ. ಯಾವ ಕ್ಯಾಟಲನ್ನರು? 2017ರ ಅಕ್ಟೋಬರ್ 1ರ ಮತದಾನವನ್ನು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಮೊದಲೇ ತಡೆದಿತ್ತು. ಹಾಕಿದ ಮತಗಳಲ್ಲಿ ಸುಮಾರು 90% ಸ್ವಾತಂತ್ರ್ಯದ ಪರ. ಆದರೆ ಮತ ಹಾಕಿದವರೇ ಸುಮಾರು 43%. ಬೇಡ ಅನ್ನುವವರಲ್ಲಿ ಬಹಳಷ್ಟು ಜನ ಮತಗಟ್ಟೆಗೆ ಹೋಗಲೇ ಇಲ್ಲ. ಇದನ್ನು ಬಿಟ್ಟು ಬರೆದ ವಾಕ್ಯ ನಿಲ್ಲುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿನಿ):
ಕೊನೆಯದು ಸರ್. ಮುಂದೆ ಅಲ್ಲಿಗೇ ಹೋಗಿ ಕ್ಷೇತ್ರಕಾರ್ಯ ಮಾಡುವ ಆಸೆ. ಸ್ಪ್ಯಾನಿಷ್ ಸಾಕಾ?

ಉತ್ತರ:
ಸಾಲದು, ಎರಡೂ ಬೇಕು. ಯಾರು ನಿಮ್ಮ ಜೊತೆ ಯಾವ ಭಾಷೆಯಲ್ಲಿ ಮಾತು ಶುರು ಮಾಡಿದರು, ಎಲ್ಲಿ ಬದಲಿಸಿದರು ಅನ್ನುವುದೇ ನಿಮ್ಮ ಟಿಪ್ಪಣಿ ಪುಸ್ತಕದ ತಿರುಳು ಆಗಬೇಕು. ಎರಡೂ ಬರದಿದ್ದರೆ ಅದು ಕಿವಿಗೇ ಬೀಳುವುದಿಲ್ಲ. ಕ್ಯಾಟಲನ್ ಕಲಿಯಲು ಅಲ್ಲಿನ ಸರ್ಕಾರದ 'ಪಾರ್ಲಾ.ಕ್ಯಾಟ್' ತಾಣವಿದೆ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಮೊದಲ ಹಂತ ಶುರು ಮಾಡಿ. ಪ್ರಬಂಧದ ಹೊಸ ಕರಡು ಆದಮೇಲೆ ಮೊದಲ ಪುಟ ಇಲ್ಲಿ ಹಾಕಿ, ನೋಡುತ್ತೇನೆ.