ವಸತಿ ಶಿಬಿರದಲ್ಲಿ ಹಾಡು ಬರೆಯಲು ಕಲಿಯುವುದು: ಹೊರಡುವ ಮುನ್ನ ಏನು ಸಿದ್ಧತೆ ಬೇಕು?

ಮೊದಲಸಾಲು:

ನಮಸ್ಕಾರ. ಈ ರಜೆಯಲ್ಲಿ ಆರು ದಿನಗಳ ಗೀತರಚನೆ ಶಿಬಿರಕ್ಕೆ ಸೇರಿದ್ದೇನೆ, ಊಟ ವಸತಿ ಎಲ್ಲ ಅಲ್ಲೇ. ದಿನವೂ ಇಬ್ಬರು ಮೂವರ ಗುಂಪು ಮಾಡುತ್ತಾರಂತೆ. ಸಂಜೆಯೊಳಗೆ ಒಂದು ಹಾಡು ಮುಗಿಸಿ, ರಾತ್ರಿ ಎಲ್ಲರೆದುರು ಹಾಡಬೇಕು. ನನಗೆ ಕವಿತೆ ಬರೆದು ಅಭ್ಯಾಸವಿದೆ, ವಾದ್ಯ ಬರುವುದಿಲ್ಲ, ಶ್ರುತಿಗೆ ನಿಲ್ಲುವಷ್ಟು ಹಾಡಬಲ್ಲೆ. ಬರೆದಿಟ್ಟ ಕವಿತೆಗಳನ್ನು ಒಯ್ಯಲೇ, ಖಾಲಿ ಕೈಯಲ್ಲಿ ಹೋಗಲೇ? ಸಾಲು ಮೊದಲೋ, ಟ್ಯೂನ್ ಮೊದಲೋ? ಇನ್ನೊಂದು, ನನ್ನ ಸಾಲುಗಳನ್ನು ಹಾಡಲು ಹೋದರೆ ಎಲ್ಲೋ ಒಂದು ಕಡೆ ಮುಗ್ಗರಿಸುತ್ತವೆ. ಓದುವಾಗ ಚೆನ್ನಾಗಿಯೇ ಇರುತ್ತವೆ.

ಲಘುಗುರು:

ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ, ಉಳಿದದ್ದು ಅದರಲ್ಲೇ ಇದೆ. ಸಾಲು ಮುಗ್ಗರಿಸುವುದು ಮಾತ್ರೆಯಲ್ಲಿ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆಯಲ್ಲಿ. ಹ್ರಸ್ವಕ್ಕೆ 1 (ಲಘು), ದೀರ್ಘಕ್ಕೆ 2 (ಗುರು). ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2. ಶಾಲೆಯಲ್ಲಿ ಕಲಿತದ್ದೇ. ಈ ಎರಡು ಸಾಲು ನೋಡಿ:

ಕಿಟಕಿಯ ಗಾಜಿಗೆ ಬೆರಳಿನ ಬರಹ
ಪುಟದಲಿ ಬರೆಯದ ಹೆಸರು

ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ ಒಡೆದರೆ ಮೊದಲನೆಯದು 4+4+4+3, ಎರಡನೆಯದು 4+4+3. ಎರಡಕ್ಕೂ 16 ಮಾತ್ರೆಯ ಜಾಗ ಕೊಡಿ. 80 ಬಿಪಿಎಂನಲ್ಲಿ (ನಿಮಿಷಕ್ಕೆ 80 ಪೆಟ್ಟು), ಪೆಟ್ಟಿಗೆ ಎರಡು ಮಾತ್ರೆಯಂತೆ, ಒಂದು ಸಾಲಿಗೆ 8 ಪೆಟ್ಟು, ಅಂದರೆ 6 ಸೆಕೆಂಡ್. ಮೊದಲ ಸಾಲಿನ ಕೊನೆಗೆ ಒಂದೇ ಮಾತ್ರೆ ಮಿಗುತ್ತದೆ, ಉಸಿರಿಗೆ ಸಾಲದು. ಎರಡನೆಯದರ ಕೊನೆಗೆ 5 ಮಾತ್ರೆ, ಹತ್ತಿರ ಹತ್ತಿರ ಎರಡು ಸೆಕೆಂಡ್. ಅಲ್ಲಿ ಉಸಿರು ತೆಗೆದುಕೊಳ್ಳಬಹುದು, ಕೇಳುವವರಿಗೂ ಮಾತು ಇಳಿಯುತ್ತದೆ.

ಈಗ ಮೂರನೇ ಸಾಲಾಗಿ "ಮತ್ತೆ ಮತ್ತೆ ಒರೆಸಿದರೂ" ಎಂದು ಹಾಕಿ. ಒಟ್ಟು 12 ಮಾತ್ರೆ, ನಾಲ್ಕರ ಲೆಕ್ಕಕ್ಕೆ ಸರಿಯೇ. ಆದರೂ ಎಡವುತ್ತದೆ. ಮೊದಲ "ಮತ್ತೆ"ಗೆ ಮೂರು ಮಾತ್ರೆ ಹೋಯಿತು. ಎರಡನೇ "ಮತ್ತೆ"ಯ "ಮತ್" ಎಂಬ ಗುರು ನಾಲ್ಕನೇ ಮಾತ್ರೆಯನ್ನೂ ಐದನೆಯದನ್ನೂ ಒಟ್ಟಿಗೆ ನುಂಗುತ್ತದೆ. ಪೆಟ್ಟು ಬೀಳಬೇಕಾದದ್ದು ಐದನೆಯದರ ಮೇಲೆ, ಅಲ್ಲಿ ಹೊಸ ಅಕ್ಷರವೇ ಇಲ್ಲ. "ಎಷ್ಟೊರೆಸಿದರೂ ಮೂಡುವ ಅಕ್ಷರ" ಮಾಡಿ: ಎಷ್ಟೊರೆ, ಸಿದರೂ, ಮೂಡುವ, ಅಕ್ಷರ, ನಾಲ್ಕು ನಾಲ್ಕರಂತೆ ಕೂತಿತು. ಆದರೆ 16ಕ್ಕೆ 16 ತುಂಬಿದ್ದರಿಂದ ಮುಂದಿನ ಸಾಲನ್ನೂ ಅದೇ ಉಸಿರಿನಲ್ಲಿ ಹಾಡಬೇಕಾಗುತ್ತದೆ. ಆ ಮುಂದಿನ ಸಾಲನ್ನು 8 ಮಾತ್ರೆಗೇ ನಿಲ್ಲಿಸಿ.

ಪ್ರಾಸದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ "ಹೋಯಿತು, ಆಯಿತು" ಥರದ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ, ಅಷ್ಟೇ ಬೇಗ ಸಪ್ಪೆಯಾಗುತ್ತದೆ. ಮೇಲಿನ ಜೋಡಿಯಲ್ಲಿ ಕಿಟ, ಪುಟ ಎಂದು ಎರಡನೇ ಅಕ್ಷರ ಹೊಂದಿದೆಯಲ್ಲ, ಆ ಆದಿಪ್ರಾಸ ಹಾಡಿನಲ್ಲಿ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಲಿನ ತುದಿ ಆಗ ನಿಮ್ಮ ಕೈಲೇ ಉಳಿಯುತ್ತದೆ.

ಪೂರ್ತಿ ಕವಿತೆ ಒಯ್ಯಬೇಡಿ. ಒಂದು ಹಾಡಿಗೆ ಎಷ್ಟು ಸಾಲು ಬೇಕು ಎಂದು ಲೆಕ್ಕ ಹಾಕಿ: ಪಲ್ಲವಿ 4 ಸಾಲು, ಎರಡು ಚರಣ 6ರಂತೆ. ಒಟ್ಟು 16 ಸಾಲು. ನಾಲ್ಕು ಪೆಟ್ಟಿನ ಬಾರ್‌ಗಳಲ್ಲಿ ಹೇಳುವುದಾದರೆ ಆರಂಭ ಸಂಗೀತ 4, ಪಲ್ಲವಿ 8, ಚರಣ 12, ಪಲ್ಲವಿ 8, ನಡುವೆ ವಾದ್ಯ 4, ಚರಣ 12, ಪಲ್ಲವಿ 8. 56 ಬಾರ್, 2 ನಿಮಿಷ 48 ಸೆಕೆಂಡ್. ನಲವತ್ತು ಸಾಲಿನ ಕವಿತೆ ಹಿಡಿದು ಹೋದವರು ದಿನವಿಡೀ ಕತ್ತರಿಸುತ್ತ ಕೂರಬೇಕು, ಜೊತೆಯವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಒಂದೊಂದೇ ಸಾಲಿನ ಹತ್ತು ಬೀಜ ಒಯ್ಯಿರಿ. ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣುವ ಒಂದು ವಸ್ತು ಇರಲಿ.

ತನನತಾನ:

ಲಘುಗುರು ಅವರ ಲೆಕ್ಕ ಸರಿ, ಕ್ರಮವನ್ನು ಒಪ್ಪುವುದಿಲ್ಲ. ಕವಿತೆಯಿಂದ ಬರುವವರು ಗಣ ಹಿಡಿದೇ ಶುರು ಮಾಡಿದರೆ ಎಲ್ಲ ಟ್ಯೂನೂ ಪದ್ಯ ಓದಿದ ಹಾಗೇ ಬರುತ್ತವೆ. ಮೊದಲ ಎರಡು ದಿನವಾದರೂ ಟ್ಯೂನ್ ಮೊದಲು ಮಾಡಿ. ವಾದ್ಯ ಬೇಕಿಲ್ಲ. ಫೋನಿನ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ಅನ್ನು ಇಯರ್‌ಫೋನಿನಲ್ಲಿ ಹಾಕಿಕೊಳ್ಳಿ, ಹತ್ತು ನಿಮಿಷ ಬರೀ "ತನನ" ಹಾಡುತ್ತ ರೆಕಾರ್ಡ್ ಮಾಡಿ. ಪದ ಬೇಡವೇ ಬೇಡ. ಸ್ವಲ್ಪ ಹೊತ್ತು ಬಿಟ್ಟು ಕೇಳಿ, ಎರಡನೇ ಸಲಕ್ಕೇ ಬಾಯಿಗೆ ಬಂದ ತುಣುಕನ್ನು ಇಟ್ಟುಕೊಳ್ಳಿ. ಆಮೇಲೆ ಕಾಗದದ ಮೇಲೆ ಬರೆದುಕೊಳ್ಳಿ: ಗಿಡ್ಡ ಸ್ವರಕ್ಕೆ ತ ಅಥವಾ ನ, ಉದ್ದಕ್ಕೆ ತಾ. ಮೇಲಿನ ಕಿಟಕಿಯ ಸಾಲು "ತನನನ ತಾನನ ತನನನ ತನನ" ಆಗುತ್ತದೆ. ಈ ಚೀಟಿ ಇದ್ದರೆ ಗಿಟಾರ್ ಹಿಡಿದವರೂ ನೀವೂ ಒಂದೇ ವಿಷಯ ಮಾತಾಡುತ್ತಿದ್ದೀರಿ ಎಂಬ ಖಾತ್ರಿ ಇರುತ್ತದೆ.

ಪದ ಕೂರಿಸುವಾಗ ಎರಡು ಕಡೆ ಕೆಡುತ್ತದೆ. ಒಂದು, ಉದ್ದ ಸ್ವರದ ಮೇಲೆ ಹ್ರಸ್ವ ಬಿದ್ದರೆ ಪದವೇ ಬದಲಾಗುತ್ತದೆ. "ಬಳೆ" ಎಳೆದರೆ ಬಾಳೆ, "ಮಡಿ" ಎಳೆದರೆ ಮಾಡಿ, "ನಡು" ಎಳೆದರೆ ನಾಡು. ಎಳೆಯಲೇಬೇಕಿದ್ದರೆ ಪದದ ಕೊನೆಯ ಅಕ್ಷರ ಎಳೆಯಿರಿ, ಅಲ್ಲಿ ಅರ್ಥ ಅಷ್ಟಾಗಿ ಕೆಡುವುದಿಲ್ಲ. ಎರಡು, ನಮ್ಮ ಎಷ್ಟೋ ಪದಗಳು ಉಕಾರದಲ್ಲಿ ಮುಗಿಯುತ್ತವೆ: ಬಂತು, ಹೆಸರು, ನೋಡು. ಮೇಲಿನ ಸ್ವರದಲ್ಲಿ ಉಕಾರ ಇಕಾರ ಹಿಡಿದು ನಿಲ್ಲುವುದು ಕಷ್ಟ, ಗಂಟಲು ಬಿಗಿಯುತ್ತದೆ. ಪಲ್ಲವಿಯ ಅತಿ ಎತ್ತರದ ಸ್ವರಕ್ಕೆ ಆ, ಏ, ಓ ಬರುವ ಹಾಗೆ ಪದಗಳ ಜಾಗ ಬದಲಿಸಿ. "ಮಳೆ ಬಂತು" ಎಂಬುದನ್ನು "ಬಂತೇ ಮಳೆ" ಮಾಡಿ "ತೇ" ಮೇಲೆ ನಿಲ್ಲಬಹುದು.

ಸಂಜೆಸುತ್ತು:

ನಾನು ದಿನದ ಗಡಿಯಾರದ ಬಗ್ಗೆ ಹೇಳುತ್ತೇನೆ, ಶಿಬಿರದಲ್ಲಿ ಹಾಡು ಹಾಳಾಗುವುದು ಹೆಚ್ಚಾಗಿ ಅಲ್ಲೇ. ಗುಂಪು ಕೂತ ಮುಕ್ಕಾಲು ಗಂಟೆಯೊಳಗೆ "ಯಾರು, ಯಾರಿಗೆ, ಏನು ಹೇಳುತ್ತಿದ್ದಾರೆ" ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಊಟಕ್ಕೆ ಏಳುವ ಮುಂಚೆ ಪಲ್ಲವಿ ರೆಕಾರ್ಡ್ ಆಗಿರಲೇಬೇಕು, ಊಟ ಮಾಡಿ ಬಂದರೆ ಟ್ಯೂನ್ ಮರೆತಿರುತ್ತದೆ. ಮಧ್ಯಾಹ್ನ ಚರಣಗಳು. ಕೊನೆಯ ಅರ್ಧ ಗಂಟೆ ಹೊಸ ಸಾಲು ಬರೆಯಬೇಡಿ, ಹಾಡಿ ನೋಡಿ ಕತ್ತರಿಸಿ.

ಎರಡನೇ ಚರಣ ಮೊದಲನೆಯದನ್ನೇ ಬೇರೆ ಪದಗಳಲ್ಲಿ ಹೇಳುವುದು ಬಹಳ ಸಾಮಾನ್ಯ. ಕಾಲ, ಜಾಗ, ಮಾತಾಡುವವರು, ಈ ಮೂರರಲ್ಲಿ ಒಂದನ್ನಾದರೂ ಬದಲಿಸಿ.

ಶ್ರುತಿಯನ್ನು ಹಾಡುವವರ ಗಂಟಲಿಗೆ ಹೊಂದಿಸಿ, ನುಡಿಸುವವರ ಬೆರಳಿಗಲ್ಲ. ಗಿಟಾರಿಗೆ ಕೇಪೋ (ಕತ್ತಿನ ಮೇಲೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಇದೆ, ಒಂದು ಫ್ರೆಟ್ ಏರಿಸಿದರೆ ಅರ್ಧ ಸ್ವರ ಏರುತ್ತದೆ. ರೆಕಾರ್ಡ್ ಮಾಡುವಾಗ ಫೋನ್ ಹಾಡುವವರ ಕಡೆಗಿರಲಿ, ಇಲ್ಲದಿದ್ದರೆ ಗಿಟಾರ್ ಮಾತ್ರ ಕೇಳುತ್ತದೆ. ಫೈಲಿಗೆ ತಾರೀಕು ಮತ್ತು ಮೊದಲ ಎರಡು ಪದದ ಹೆಸರಿಡಿ.

ರಾತ್ರಿಯ ಸುತ್ತಿಗೆ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಹಾಡು ಮುಗಿದ ಮೇಲೆ ಕೇಳುಗರು ಮೊದಲು ನೆನಪುಳಿದ ಒಂದು ಸಾಲು ಹೇಳಲಿ, ಸಲಹೆ ಆಮೇಲೆ, ಅದೂ ಬರೆದವರು ಕೇಳಿದರೆ. ಯಾರಿಗೂ ಪಲ್ಲವಿ ನೆನಪುಳಿದಿಲ್ಲ ಎಂದಾದರೆ ನಾಳೆ ಬೆಳಿಗ್ಗೆ ಎಲ್ಲಿ ಕೈ ಹಾಕಬೇಕು ಎಂಬುದು ಗೊತ್ತಾಯಿತು. ಹಾಳೆಯ ಕೆಳಗೆ ಬರೆದವರೆಲ್ಲರ ಹೆಸರು, ತಾರೀಕು, ಪಾಲು ಎಷ್ಟೆಷ್ಟು ಎಂದು ಅವತ್ತೇ ಬರೆಯಿರಿ. ಸಮಪಾಲು ಎಂದರೆ ತಕರಾರು ಕಡಿಮೆ. ಮನೆಗೆ ಹೋದ ಮೇಲೆ ಈ ಮಾತು ಎತ್ತುವುದು ಎಲ್ಲರಿಗೂ ಮುಜುಗರ.

ಮೊದಲಸಾಲು:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಭಾಮಿನಿ ಷಟ್ಪದಿಯ ನಡೆ ನನಗೆ ಬಹಳ ಇಷ್ಟ. ಅದರಲ್ಲಿ ಬರೆದರೆ ಗಿಟಾರ್ ನುಡಿಸುವವರಿಗೆ ಹೇಗೆ ಹೇಳಲಿ?

ಲಘುಗುರು:

3+4, ಅಂದರೆ ಏಳು ಮಾತ್ರೆ. ಮಿಶ್ರಛಾಪು (ಕರ್ನಾಟಕ ಸಂಗೀತದ ಏಳರ ತಾಳ) ಎಂದರೆ ಕೆಲವರಿಗೆ ತಿಳಿಯುತ್ತದೆ. ತಿಳಿಯದಿದ್ದರೆ "ಏಳು ಎಣಿಸಿ, ಒಂದರ ಮೇಲೂ ನಾಲ್ಕರ ಮೇಲೂ ಜೋರಾಗಿ ಮೀಟಿ" ಎನ್ನಿ. ಮೆಟ್ರೊನೋಮಿನಲ್ಲಿ ನಾಲ್ಕರ ಕ್ಲಿಕ್ ಹಾಕಿಕೊಳ್ಳಬೇಡಿ, ಎರಡನೇ ಗಣಕ್ಕೇ ತಪ್ಪುತ್ತದೆ. 1, 2, 4, 5ನೇ ಸಾಲುಗಳು 14 ಮಾತ್ರೆ. 3 ಮತ್ತು 6ನೆಯವು 23. ಅವಕ್ಕೆ 28ರ ಜಾಗ ಕೊಟ್ಟರೆ ಮಿಕ್ಕ 5 ಮಾತ್ರೆ ವಾದ್ಯಕ್ಕೂ ಉಸಿರಿಗೂ ಆಗುತ್ತದೆ.

ನುಡಿಸುವವರಿಗೆ ನಾಲ್ಕರ ತಾಳ ಮಾತ್ರ ಬರುತ್ತದೆ ಎಂದಾದರೆ ಮೂರರ ಗಣಕ್ಕೆ ಒಂದು ಮಾತ್ರೆ ಸೇರಿಸಿ ಎಂಟು ಮಾಡಬಹುದು. ಆ ಗಣದಲ್ಲಿ ಒಂದು ದೀರ್ಘವೋ ಸೊನ್ನೆಯೋ ಇದ್ದರೆ ಅದನ್ನೇ ಎಳೆಯಿರಿ. ಮೂರೂ ಲಘುವಾಗಿದ್ದರೆ ಎಳೆಯಬೇಡಿ, ತನನತಾನ ಅವರು ಹೇಳಿದ ಬಳೆ ಬಾಳೆಯ ತೊಂದರೆ ಬರುತ್ತದೆ. ಗಣದ ಕೊನೆಗೆ ಒಂದು ಮಾತ್ರೆ ಸುಮ್ಮನೆ ನಿಲ್ಲಿ.