ದಾರಿಯ ನಡುವಿನ ಮೂರು ಸಂಜೆಗಳು: ಹಾವೇರಿ, ಹುಬ್ಬಳ್ಳಿ, ಗದಗಗಳಲ್ಲಿ ಕಳೆಯುವುದು ಹೇಗೆ?

ಪ್ರಶ್ನೆ: ತುಮಕೂರಿನವನು

ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಐದು ಜನ ನಮ್ಮದೇ ಕಾರಿನಲ್ಲಿ ತುಮಕೂರಿನಿಂದ ಹಂಪಿಗೆ ಹೊರಡಲಿದ್ದೇವೆ. ಚಿತ್ರದುರ್ಗದ ಮೇಲೆ ನೇರವಾಗಿ ಹೋದರೆ ಅರ್ಧ ದಿನದ ದಾರಿಯೆಂದು ಬಲ್ಲೆ; ಆದರೂ ಹಾವೇರಿ, ಹುಬ್ಬಳ್ಳಿ, ಗದಗಗಳಲ್ಲಿ ಒಂದೊಂದು ರಾತ್ರಿ ತಂಗಿ, ಸುತ್ತುಬಳಸಿ ಹೋಗಬೇಕೆಂಬುದು ನನ್ನ ತಾಯಿಯವರ ಆಸೆ. ಅವರ ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಈಗ ಅವರಿಗೆ 74 ವರ್ಷ. ನಾನು ಹುಟ್ಟಿ ಬೆಳೆದದ್ದೆಲ್ಲ ತುಮಕೂರಿನಲ್ಲಿಯೇ ಆದ್ದರಿಂದ ಆ ಸೀಮೆಯ ಊರುಗಳ ಹೆಸರು ಗೊತ್ತೇ ಹೊರತು ಒಳಗು ಗೊತ್ತಿಲ್ಲ.

ಹಗಲಿನ ಬಗ್ಗೆ ನನಗೆ ಚಿಂತೆಯಿಲ್ಲ, ಏಕೆಂದರೆ ನೋಡಬೇಕಾದ ಸ್ಥಳಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ನನ್ನ ಚಿಂತೆಯಿರುವುದು ಸಂಜೆ 5ರಿಂದ ರಾತ್ರಿ 9ರವರೆಗಿನ ಹೊತ್ತಿನ ಬಗ್ಗೆ. ಹೋದ ವರ್ಷ ಕರಾವಳಿಯ ಕಡೆ ಹೀಗೆಯೇ ಹೋಗಿದ್ದಾಗ ನಾಲ್ಕೂ ಸಂಜೆಗಳು ಹಾಳಾದವು. ಹಗಲೆಲ್ಲ ಸುತ್ತಿ, ಕತ್ತಲಾದ ಮೇಲೆ ಹೆದ್ದಾರಿಯ ಬದಿಯ ಯಾವುದೋ ಲಾಡ್ಜ್ ಸೇರುತ್ತಿದ್ದೆವು. ಹೊರಗೆ ಕಾಲಿಟ್ಟರೆ ಲಾರಿಗಳ ಸಾಲು, ಒಳಗೆ ಬಂದರೆ ಟಿವಿ. 14 ವರ್ಷದ ಮಗಳು ಮೊಬೈಲ್ ಹಿಡಿದು ಮುಸುಕು ಹೊದೆಯುತ್ತಿದ್ದಳು, 8 ವರ್ಷದವಳು ಮಂಚದ ಮೇಲೆ ಕುಣಿಯುತ್ತಿದ್ದಳು. ಮೂರನೆಯ ರಾತ್ರಿ ನನ್ನ ತಾಯಿಯವರು, "ಇಷ್ಟು ದೂರ ಬಂದು ಗ್ವಾಡಿ ನೋಡಕೋತ ಕುಂದ್ರಾಕ ಮನ್ಯಾಗ ಏನ ಕಡಿಮಿ ಇತ್ತು?" ಎಂದು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ತಾಯಿಯವರು ನಿಧಾನವಾಗಿ ಅರ್ಧ ಗಂಟೆ ನಡೆಯಬಲ್ಲರು, ಮೆಟ್ಟಿಲು ಹತ್ತಲಾರರು. ಕಾರು ಓಡಿಸುವವನು ನಾನೊಬ್ಬನೇ. ಈ ಮೂರು ಊರುಗಳಲ್ಲಿ ಸಂಜೆಯನ್ನು ಸಂಜೆಯಾಗಿಯೇ ಕಳೆಯುವ ಬಗೆಯನ್ನು ಅಲ್ಲಿಯವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಏಲಕ್ಕಿಹಾರ, ಹಾವೇರಿ

ನಿಮ್ಮ ತೊಂದರೆಯ ಮೂಲ ಲಾಡ್ಜ್ ಹಿಡಿಯುವ ಜಾಗದಲ್ಲಿದೆ ಎಂದು ನನಗೆ ತೋರುತ್ತದೆ. ಹೆದ್ದಾರಿಯ ಬದಿಯ ವಸತಿಗೃಹದಲ್ಲಿ ಕಾರು ನಿಲ್ಲಿಸುವುದು ಸುಲಭ, ಬೆಳಿಗ್ಗೆ ಹೊರಡುವುದೂ ಸುಲಭ. ಆದರೆ ಅಲ್ಲಿ ಊರೆಂಬುದೇ ಇರುವುದಿಲ್ಲ. ಹಾವೇರಿ ದೊಡ್ಡ ಊರಲ್ಲ. ಊರೊಳಗೆ ಪೇಟೆಗೆ ಸಮೀಪವಾಗಿ ಕೋಣೆ ಹಿಡಿದು, ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿಬಿಟ್ಟರೆ ಅಲ್ಲಿಂದ ನಿಮ್ಮ ಸಂಜೆ ಶುರುವಾಗುತ್ತದೆ. ದೇವಸ್ಥಾನಕ್ಕೆ ಹೋಗಲು ತಾಯಿಯವರಿಗೆ ಆಟೊ ಹಿಡಿದರಾಯಿತು.

ನಮ್ಮ ಊರಿನ ಸಿದ್ಧೇಶ್ವರ ದೇವಾಲಯಕ್ಕೆ ಸಂಜೆಯೇ ಹೋಗಬೇಕೆನ್ನಲು ಕಾರಣವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಆದ್ದರಿಂದ ಇಳಿಹೊತ್ತಿನ ಬಿಸಿಲು ಮುಂಭಾಗದ ಮಂಟಪದ ಮೇಲೆ ಬಿದ್ದು, ಹಗಲಿನಲ್ಲಿ ಕಪ್ಪಗೆ ಕಾಣುವ ಬಳಪದ ಕಲ್ಲು ಕೊನೆಯ ಅರ್ಧ ಗಂಟೆ ಬೇರೆಯೇ ಬಣ್ಣ ತಾಳುತ್ತದೆ. ನೀವು ಬರುವ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು 6.10ರ ಆಸುಪಾಸಿನಲ್ಲಿ, 5.15ಕ್ಕೆ ಗುಡಿಯ ಅಂಗಳದಲ್ಲಿದ್ದರೆ ಸರಿಹೋಗುತ್ತದೆ. ಅಂದರೆ ತುಮಕೂರಿನಿಂದ 270 ಕಿ.ಮೀ. ಆಸುಪಾಸಿನ ದಾರಿಯನ್ನು ಮುಗಿಸಿ 4ಕ್ಕೆ ಕೋಣೆ ಸೇರಿರಬೇಕು. ದಾರಿಯಲ್ಲಿ ಇನ್ನೊಂದು ಸ್ಥಳ ನೋಡೋಣವೆಂಬ ಆಸೆಯನ್ನು ರಾಣೆಬೆನ್ನೂರಿನ ಆಚೆಗೇ ಬಿಟ್ಟುಬಿಡಿ.

ಕತ್ತಲಾದ ಮೇಲೆ ಪೇಟೆಯಲ್ಲಿ ಏಲಕ್ಕಿ ಹಾರ ವಿಚಾರಿಸಿ. ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಲ್ಲಿ ಕಾಣುವ ಹಾರ ಇದೇ. ಇದನ್ನು ಕಟ್ಟುವ ಕೈಗಳು ಊರಿನಲ್ಲಿ ಕೆಲವೇ ಇವೆ, ದಾರ ಮತ್ತು ಕಾಯಿ ಸೇರುವ ಬಗೆಯನ್ನು ಹತ್ತಿರದಿಂದ ನೋಡಲು ಸಿಕ್ಕರೆ ನಿಮ್ಮ ದೊಡ್ಡ ಮಗಳು ಮೊಬೈಲ್ ಕೆಳಗಿಡಬಹುದು, ಅಥವಾ ಅದರಲ್ಲೇ ಚಿತ್ರ ತೆಗೆಯಬಹುದು, ಎರಡೂ ಒಳ್ಳೆಯದೇ. ಊಟಕ್ಕೆ ಹೋಟೆಲಿಗಿಂತ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎದುರಿಗೆ ಬಂದಾಗ ನಿಮ್ಮ ತಾಯಿಯವರು ತಾವಾಗಿಯೇ ಮಾತು ತೆಗೆಯುತ್ತಾರೆ, ನೀವು ಸಂಜೆಯನ್ನು ಕಳೆಯುವ ಪ್ರಶ್ನೆಯೇ ಉಳಿಯುವುದಿಲ್ಲ.

ಬಂಕಾಪುರದ ಕೋಟೆ ಮತ್ತು ನವಿಲುಧಾಮವನ್ನು ಮಾತ್ರ ಸಂಜೆಗೆ ಇಟ್ಟುಕೊಳ್ಳಬೇಡಿ. ಅದು ಮರುದಿನ ಹುಬ್ಬಳ್ಳಿಯ ದಾರಿಯಲ್ಲಿಯೇ ಸಿಗುತ್ತದೆ, ನವಿಲುಗಳು ಬೆಳಗಿನಲ್ಲಿ ಚೆನ್ನಾಗಿ ಕಾಣುತ್ತವೆ.

ಉತ್ತರ 2: ದುರ್ಗದಬೈಲ್ ದಾರಿ, ಹುಬ್ಬಳ್ಳಿ

ಮೇಲಿನವರು ಹೇಳಿದ್ದು ಹುಬ್ಬಳ್ಳಿಗೂ ಸಲ್ಲುತ್ತದೆ, ಆದರೆ ಇಲ್ಲಿ ಕಷ್ಟ ಬೇರೆ ಬಗೆಯದು: ಸಂಜೆ ಹೋಗಬಹುದಾದ ಜಾಗಗಳು ಹೆಚ್ಚು, ಅವು ಒಂದಕ್ಕೊಂದು ದೂರ, ನಡುವೆ ವಾಹನಗಳ ದಟ್ಟಣೆ. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಸಿದ್ಧಾರೂಢ ಮಠ, ದುರ್ಗದಬೈಲ್ ಎಲ್ಲವನ್ನೂ ಒಂದೇ ಸಂಜೆಗೆ ತುಂಬಲು ಹೋದವರು ಕೊನೆಗೆ ಸಿಗ್ನಲ್‌ಗಳನ್ನಷ್ಟೇ ನೋಡಿ ಬರುತ್ತಾರೆ. ಎರಡನ್ನು ಆರಿಸಿಕೊಳ್ಳಿ.

ನನ್ನ ಆಯ್ಕೆ ನಿಮಗೆ ವಿಚಿತ್ರವೆನಿಸಬಹುದು. ಮಕ್ಕಳನ್ನು ಕರೆದುಕೊಂಡು ರೈಲು ನಿಲ್ದಾಣಕ್ಕೆ ಹೋಗಿ. ಇಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ಅತಿ ಉದ್ದವಾದದ್ದೆಂದು ದಾಖಲಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದು ಮರಳಿದರೆ ಮೂರು ಕಿಲೊಮೀಟರ್ ಆಗುತ್ತದೆ. ಕಾರಿನಲ್ಲಿ ದಿನವಿಡೀ ಮಡಚಿಕೊಂಡು ಕುಳಿತ ಕಾಲುಗಳಿಗೆ ಇದು ಬೇಕು, ಎಂಟು ವರ್ಷದ ಮಗುವಿಗೆ ಎಂಜಿನ್ ಬದಲಿಸುವುದನ್ನು ನೋಡುವುದಕ್ಕಿಂತ ದೊಡ್ಡ ಮನರಂಜನೆ ಬೇಕಿಲ್ಲ. ನಾನು ನನ್ನ ಮೊಮ್ಮಗನನ್ನು ತಿಂಗಳಿಗೊಮ್ಮೆ ಹೀಗೆ ಕರೆದೊಯ್ಯುತ್ತೇನೆ. ಅವನಿಗಿಂತ ನನಗೇ ಅದರ ಹುಚ್ಚು ಹೆಚ್ಚು ಎಂದು ಮನೆಯವರು ನಗುತ್ತಾರೆ. ಗದಗ ರಸ್ತೆಯ ಬದಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ, ಅದು ತೆರೆದಿರುವ ದಿನ ಮತ್ತು ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ಆ ಹೊತ್ತಿನಲ್ಲಿ ನಿಮ್ಮ ತಾಯಿಯವರನ್ನು ಮನೆಯವರೊಂದಿಗೆ ಸಿದ್ಧಾರೂಢ ಮಠಕ್ಕೆ ಕಳುಹಿಸಬಹುದು. ಎಲ್ಲರೂ ಒಟ್ಟಿಗೇ ತಿರುಗಬೇಕೆಂಬ ಹಟದಿಂದಲೇ ಎಷ್ಟೋ ಪ್ರವಾಸಗಳಲ್ಲಿ ಸಂಜೆ ಜಗಳವಾಗುತ್ತದೆ. ಮಠದ ಅಂಗಳ ವಿಶಾಲವಾಗಿದೆ, ಕುಳಿತುಕೊಳ್ಳಲು ಜಾಗವಿದೆ, ಅಲ್ಲಿಯ ದಾಸೋಹದಲ್ಲಿ ಪ್ರಸಾದವೂ ಆಗುತ್ತದೆ.

ಆಮೇಲೆ 7.30ಕ್ಕೆ ದುರ್ಗದಬೈಲಿನಲ್ಲಿ ಎಲ್ಲರೂ ಸೇರಿಕೊಳ್ಳಿ. ಗಿರಮಿಟ್ ಮತ್ತು ಮೆಣಸಿನಕಾಯಿ ಬಜಿ ಇಲ್ಲಿಯ ಸಂಜೆಯ ತಿಂಡಿ. ಚುರಮುರಿಗೆ ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿಯ ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಸೇವು ಹಾಕಿ ಕೊಡುತ್ತಾರೆ. ಕಲಸಿದ ಕೂಡಲೇ ನಿಂತಲ್ಲಿಯೇ ತಿನ್ನಬೇಕು. ಕಟ್ಟಿಸಿಕೊಂಡು ಲಾಡ್ಜ್‌ಗೆ ಒಯ್ದರೆ ಮೆತ್ತಗಾಗಿ ಸಪ್ಪೆಯಾಗುತ್ತದೆ.

ಧಾರವಾಡ ಇಪ್ಪತ್ತೇ ಕಿಲೊಮೀಟರ್ ಎಂದು ಅದೇ ಸಂಜೆ ಅಲ್ಲಿಗೂ ಓಡಬೇಡಿ.

ಉತ್ತರ 3: ಸಾಧನಕೇರಿಯ ನೆರೆಯವಳು, ಧಾರವಾಡ

ಕೊನೆಯ ಮಾತಿಗೆ ನನ್ನ ವಿರೋಧವಿದೆ, ಅದೂ ಅರ್ಧ ಮಾತ್ರ. ಅದೇ ಸಂಜೆ ಓಡಬೇಡಿ ಎನ್ನುವುದು ಸರಿ. ಹುಬ್ಬಳ್ಳಿಯ ಬದಲು ಧಾರವಾಡದಲ್ಲಿಯೇ ಏಕೆ ತಂಗಬಾರದು? ವಯಸ್ಸಾದವರಿಗೆ ಇಲ್ಲಿಯ ಸಂಜೆ ಹೆಚ್ಚು ಒಗ್ಗುತ್ತದೆ. ಸಾಧನಕೇರಿಯ ದಂಡೆಯಲ್ಲಿ ಸಮತಟ್ಟಾದ ನಡಿಗೆಯ ದಾರಿಯಿದೆ, ಎದುರಿಗೆ ಬೇಂದ್ರೆಯವರು ಬಾಳಿದ ಮನೆಯಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಹೊತ್ತು ಉಪನ್ಯಾಸವೋ ಸಂಗೀತವೋ ನಡೆಯುತ್ತಿರುತ್ತದೆ. ಆ ದಿನದ ಸ್ಥಳೀಯ ಪತ್ರಿಕೆಯಲ್ಲಿ 'ಇಂದಿನ ಕಾರ್ಯಕ್ರಮ' ಎಂಬ ಅಂಕಣ ನೋಡಿದರೆ ತಿಳಿಯುತ್ತದೆ. ಹೊರಗಿನವರೆಂದು ಯಾರೂ ತಡೆಯುವುದಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತು ಅರ್ಧಕ್ಕೆ ಎದ್ದು ಹೋದರೂ ಯಾರೂ ತಪ್ಪು ತಿಳಿಯುವುದಿಲ್ಲ. ಪೇಡೆಯನ್ನು ಮಾತ್ರ ರಾತ್ರಿಗೆ ಮುಂದೂಡಬೇಡಿ, ಹೆಸರಾದ ಅಂಗಡಿಗಳಲ್ಲಿ ಸಂಜೆಗೇ ಮುಗಿದಿರುವುದುಂಟು.

ಮಕ್ಕಳಿಗೆ ಬೇಸರವಾಗುತ್ತದೆ ಎಂದು ಹುಬ್ಬಳ್ಳಿಯವರು ಹೇಳಬಹುದು. ಆ ಮಾತನ್ನು ನಾನು ಅಲ್ಲಗಳೆಯಲಾರೆ.

ಉತ್ತರ 4: ತ್ರಿಕೂಟ, ಗದಗ

ಗದಗಕ್ಕೆ ಬರುವ ಹೊರಗಿನವರು ಸಾಮಾನ್ಯವಾಗಿ ಮಾಡುವ ತಪ್ಪನ್ನು ಮೊದಲು ಹೇಳುತ್ತೇನೆ. ಹುಬ್ಬಳ್ಳಿಯಿಂದ ಸುಮಾರು 58 ಕಿ.ಮೀ. ಬಂದು, ಮಧ್ಯಾಹ್ನ ಮಲಗಿ ಎದ್ದು, ಸಂಜೆ 5ಕ್ಕೆ ಲಕ್ಕುಂಡಿಗೆ ಹೊರಡುತ್ತಾರೆ. ಅದು 12 ಕಿ.ಮೀ. ದೂರವಷ್ಟೇ ನಿಜ, ಆದರೆ ಅಲ್ಲಿಯ ಸ್ಮಾರಕಗಳು ಸೂರ್ಯಾಸ್ತಕ್ಕೆ ಮುಚ್ಚುತ್ತವೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರನ ಬಾಗಿಲವಾಡದ ಕುಸುರಿ, ಮಣಿಕೇಶ್ವರದ ಮುಂದಿನ ಮುಸುಕಿನ ಬಾವಿ ಇವೆಲ್ಲ ಅವಸರದಲ್ಲಿ ನೋಡುವಂಥವಲ್ಲ. ಲಕ್ಕುಂಡಿ ಹೇಗೂ ಹೊಸಪೇಟೆಯ ದಾರಿಯಲ್ಲಿಯೇ ಇದೆ. ಮರುದಿನ ಬೆಳಿಗ್ಗೆ ಅಲ್ಲಿ ಇಳಿಯಿರಿ. ಸಂಜೆಯನ್ನು ಊರಿಗೆ ಕೊಡಿ.

ಊರಿನಲ್ಲಿ ವೀರನಾರಾಯಣ ಮತ್ತು ತ್ರಿಕೂಟೇಶ್ವರ ಗುಡಿಗಳೆರಡೂ ಇವೆ. ಕುಮಾರವ್ಯಾಸನು ವೀರನಾರಾಯಣನ ಗುಡಿಯ ಕಂಬವೊಂದಕ್ಕೆ ಒರಗಿ ಕುಳಿತು ತನ್ನ ಭಾರತವನ್ನು ರಚಿಸಿದನೆಂಬ ನಂಬಿಕೆಯಿದೆ, ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಹಿರಿಯ ಮಗಳ ಪಠ್ಯದಲ್ಲಿ ಕುಮಾರವ್ಯಾಸನ ಪದ್ಯವಿದ್ದರೆ ಹೊರಡುವ ಮುನ್ನ ಒಂದೆರಡನ್ನು ಬಾಯಿಪಾಠ ಮಾಡಿಸಿ. ಆ ಕಂಬದ ಬಳಿ ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಹೇಳಿದರೆ ಅರ್ಚಕರೋ ಗುಡಿಗೆ ಬಂದ ಹಿರಿಯರೋ ಮುಂದಿನ ಪದ್ಯವನ್ನು ಎತ್ತಿಕೊಂಡರೆ ಆಶ್ಚರ್ಯಪಡಬೇಡಿ. ನನ್ನೆದುರಿಗೇ ಹಾಗೆ ಆದದ್ದುಂಟು.

ಆದರೆ ಗದಗದ ಸಂಜೆಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಜಾಗ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಡಲೆಂದು, ತಾವೇ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಇದನ್ನು ಕಟ್ಟಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದರು. ಅಲ್ಲಿ ಟಿಕೆಟ್ ಕೊಂಡು ಕೇಳುವ ಕಛೇರಿಯನ್ನು ನಿರೀಕ್ಷಿಸಬೇಡಿ. ಒಂದು ಕೋಣೆಯಿಂದ ಹಾರ್ಮೋನಿಯಂ, ಇನ್ನೊಂದರಿಂದ ತಬಲಾ, ಮತ್ತೆಲ್ಲೋ ಒಬ್ಬ ಹುಡುಗ ಒಂದೇ ಪಲುಕನ್ನು ಇಪ್ಪತ್ತು ಸಲ ತಿದ್ದಿಕೊಳ್ಳುತ್ತಿರುವುದು, ಇಷ್ಟು ಕಿವಿಗೆ ಬೀಳುತ್ತದೆ. ಗದ್ದುಗೆಯ ದರ್ಶನ ಮಾಡಿ ಸುಮ್ಮನೆ ಕುಳಿತಿರಿ. ಅಲ್ಲಿಯವರ ಅನುಮತಿಯಿಲ್ಲದೆ ಮಕ್ಕಳ ಚಿತ್ರ ತೆಗೆಯಬೇಡಿ. ತಮ್ಮನ್ನು ತೆಗೆಯುತ್ತಿದ್ದಾರೆಂದು ಅವರಿಗೆ ಕಾಣುವುದಿಲ್ಲ ಎಂಬುದನ್ನು ಕೆಲವರು ಮರೆಯುತ್ತಾರೆ.

ಡಿಸೆಂಬರ್ ಆದ್ದರಿಂದ ಇನ್ನೊಂದು ಮಾತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಆಗ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ; 2024ರಲ್ಲಿ ಈ ಕೆರೆ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೂ ಸೇರಿತು. ಹಗಲು ನೀರಿನಲ್ಲಿ ವಿಶ್ರಮಿಸುವ ಹಕ್ಕಿಗಳು ಹೊತ್ತು ಇಳಿದಂತೆ ಹೊಲಗಳತ್ತ ಮೇಯಲು ಏಳುವುದನ್ನು ನೋಡುವುದೇ ಒಂದು ಸಂಜೆಯ ಕೆಲಸ. ಆದರೆ ಗದಗದಿಂದ ಅಲ್ಲಿಗೆ ಸುಮಾರು 26 ಕಿ.ಮೀ. ಇದೆ, ಮರಳುವ ಹೊತ್ತಿಗೆ ಕತ್ತಲಾಗಿರುತ್ತದೆ, ಹಿಂಭಾಗದಲ್ಲಿ ದೀಪವಿಲ್ಲದ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಚಾಲಕರು ನೀವೊಬ್ಬರೇ ಆದ್ದರಿಂದ ಪುಣ್ಯಾಶ್ರಮವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಉತ್ತರ 5: ಇಪ್ಪತ್ತೆರಡು ವರ್ಷ ಲಾಡ್ಜ್‌ವಾಸಿ, ಹುಬ್ಬಳ್ಳಿ

ಔಷಧ ಕಂಪನಿಯ ಪ್ರತಿನಿಧಿಯಾಗಿ ಈ ನಾಲ್ಕು ಊರುಗಳ ಲಾಡ್ಜ್‌ಗಳಲ್ಲಿ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಎಲ್ಲರೂ ನಿಮಗೆ ಕೆಲಸ ಹಚ್ಚುತ್ತಿದ್ದಾರೆ. ನಾನು ಒಂದನ್ನು ಕಡಿಮೆ ಮಾಡುತ್ತೇನೆ. ಮೂರರಲ್ಲಿ ನಡುವಿನ ಸಂಜೆಯನ್ನು ಖಾಲಿ ಬಿಡಿ. ಮೊದಲ ದಿನದ ಹುರುಪು ಎರಡನೆಯ ದಿನ ಇರುವುದಿಲ್ಲ, ಬಟ್ಟೆ ಒಗೆಯುವುದು ಬಾಕಿ ಇರುತ್ತದೆ. ಪೆಟ್ರೋಲ್ ತುಂಬಿಸುವುದು, ಟೈರಿನ ಗಾಳಿ ನೋಡಿಸುವುದು, ಮುಂದಿನ ಗಾಜು ಒರೆಸುವುದು, ಇವನ್ನು ಕೋಣೆಗೆ ಬರುವ ಮುಂಚೆಯೇ ಮುಗಿಸಿ. ಒಮ್ಮೆ ಬೆಳಿಗ್ಗೆ 6ಕ್ಕೆ ಹೊರಡಲು ಹೋದಾಗ ಟೈರು ನೆಲಕ್ಕೆ ಕೂತಿತ್ತು, ಪಂಕ್ಚರ್ ಅಂಗಡಿ ತೆರೆದದ್ದು 9ಕ್ಕೆ. ಹಿಂದಿನ ಸಂಜೆ ಅದೇ ಅಂಗಡಿಯ ಎದುರಿಗೆ ಚಹಾ ಕುಡಿದಿದ್ದೆ.

ಒಂದು ಬಟ್ಟೆಯ ಮೇಲೆ ಚೌಕಾಬಾರದ ಮನೆಗಳನ್ನು ಬರೆದುಕೊಂಡು ಬನ್ನಿ, ನಾಲ್ಕು ಕವಡೆ ತನ್ನಿ. ನಿಮ್ಮ ತಾಯಿಯವರಿಗೆ ಆಟ ಗೊತ್ತೇ ಇರುತ್ತದೆ. ಅವರು ಕಾಯಿ ಕಡಿಯಲು ತೊಡಗಿದ ಮೇಲೆ ಟಿವಿ ಹಚ್ಚಲು ಯಾರಿಗೂ ನೆನಪಾಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞ. ಹಾವೇರಿಯಲ್ಲಿ ಪಶ್ಚಿಮದ ಬಿಸಿಲು, ಗದಗದಲ್ಲಿ ಪುಣ್ಯಾಶ್ರಮ ಎಂಬುದು ನಿಶ್ಚಯವಾಯಿತು. ನಡುವಿನ ಸಂಜೆ ಹುಬ್ಬಳ್ಳಿಯಲ್ಲಿಯೇ. ನಿಲ್ದಾಣದ ಉದ್ದವನ್ನು ಕೇಳಿದ ಕ್ಷಣದಿಂದ ಸಣ್ಣ ಮಗಳು ಬೇರೆ ಮಾತು ಕೇಳುತ್ತಿಲ್ಲ, ಆದ್ದರಿಂದ ಧಾರವಾಡದವರು ಕ್ಷಮಿಸಬೇಕು. ಪ್ಲಾಟ್‌ಫಾರ್ಮ್, ಗಿರಮಿಟ್ ಬಿಟ್ಟು ಆ ದಿನ ಬೇರೇನನ್ನೂ ಇಟ್ಟುಕೊಳ್ಳುವುದಿಲ್ಲ. ಚೌಕಾಬಾರದ ವಿಷಯವನ್ನು ತಾಯಿಯವರಿಗೆ ಹೇಳಿದೆ. ಕವಡೆ ಬೇಡ, ಹುಣಸೆ ಬೀಜ ಸೀಳಿ ತರುತ್ತೇನೆ ಎಂದಿದ್ದಾರೆ. ಉಳಿದದ್ದು ಒಂದೇ ಪ್ರಶ್ನೆ: ಊರೊಳಗಿನ ಹಳೆಯ ಲಾಡ್ಜ್‌ಗಳಲ್ಲಿ ಮೆಟ್ಟಿಲುಗಳದೇ ತೊಂದರೆಯಲ್ಲವೆ?

ಉತ್ತರ: ಇಪ್ಪತ್ತೆರಡು ವರ್ಷ ಲಾಡ್ಜ್‌ವಾಸಿ

ಹೌದು. ಬುಕ್ ಮಾಡುವಾಗ ಫೋನಿನಲ್ಲಿಯೇ ನೆಲಮಹಡಿಯ ಕೋಣೆ ಕೇಳಿ, ಕೋಣೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಲಿಫ್ಟ್ ಇದೆ ಎಂದರೆ ವಿದ್ಯುತ್ ಹೋದಾಗಲೂ ಅದು ನಡೆಯುತ್ತದೆಯೇ ಎಂದು ಕೇಳಿ. ನೆಲಮಹಡಿ ಎಂದರೂ ಬೀದಿಯಿಂದ ಐದಾರು ಮೆಟ್ಟಿಲು ಇರುವುದುಂಟು, ಅದನ್ನೂ ಕೇಳುವುದು ಒಳ್ಳೆಯದು.