ಅಮೆರಿಕಾಸ್ ಕಪ್ ದೋಣಿಗಳನ್ನು ಮೊದಲು ತೊಟ್ಟಿಯಲ್ಲಿ ಎಳೆದು ನೋಡುತ್ತಾರಾ?

ವಾಸ್ಕೋ_ಮೋಲ್ಡರ್:
ಊರು ಕಾರವಾರ, ಕೆಲಸ ಗೋವಾದ ಒಂದು ಫೈಬರ್ ದೋಣಿ ಯಾರ್ಡ್‌ನಲ್ಲಿ. ದೋಣಿಯ ಮೇಲ್ಪದರ, ಅಂದರೆ ಜೆಲ್‌ಕೋಟ್ ಒಣಗುವವರೆಗೆ ಮೊಬೈಲಿನಲ್ಲಿ 2024ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದ ಬಾರ್ಸಿಲೋನಾ ರೇಸ್‌ಗಳನ್ನು ನೋಡುತ್ತಿರುತ್ತೇನೆ. 75 ಅಡಿ ದೋಣಿ ಪೂರ್ತಿ ಮೇಲೆದ್ದು ಹಾರುತ್ತದೆ! ನೀರಲ್ಲಿ ಉಳಿಯುವುದು ಒಂದು ಫಾಯಿಲ್ (ದೋಣಿಯನ್ನು ಮೇಲೆತ್ತುವ ರೆಕ್ಕೆ), ಒಂದು ಚುಕ್ಕಾಣಿ ಅಷ್ಟೇ. ಕಟ್ಟುವ ಮೊದಲು ಚಿಕ್ಕ ಮಾದರಿ ಮಾಡಿ ಪರೀಕ್ಷೆ ಮಾಡುತ್ತಾರಾ? ನಮ್ಮ ಮೇಸ್ತ್ರಿ ಕೇಳಿದರೆ, "ಮಾದರಿ ಎಲ್ಲ ಸುಮ್ನೆ, ನೀರಿಗಿಳಿಸಿದ ಮೇಲೇ ಗೊತ್ತಾಗೋದು" ಅನ್ನುತ್ತಾರೆ.

ಹಿಂಜೆವಾಡಿ_ಹುಡುಗ:
ಮೇಸ್ತ್ರಿ ಮಾತು ಅರ್ಧ ನಿಜ ಅಣ್ಣಾ. ನಾನು ಪುಣೆಯಲ್ಲಿ ಕಂಪ್ಯೂಟರಿನಲ್ಲಿ ನೀರು ಹರಿಸುವ ಕೆಲಸದವನು, ಪಂಪ್‌ಗಳಿಗೆ. 1974ರಲ್ಲಿ ಮಾರಿನರ್ ಅಂತ ಒಂದು ದೋಣಿ ಬಂತು. ಹಿಂಭಾಗದ ತಳವನ್ನು ಮೆಟ್ಟಿಲಿನ ಹಾಗೆ ಕಡಿದಿದ್ದರು. ಮಾದರಿ ಎಳೆದು ನೋಡುವ ಉದ್ದನೆ ನೀರಿನ ತೊಟ್ಟಿಯಲ್ಲಿ ಚಿಕ್ಕದು ಚೆನ್ನಾಗಿ ಓಡಿತು, ಸಮುದ್ರದಲ್ಲಿ ದೊಡ್ಡದು ತೆವಳಿತು. ಕಾರಣ ಇಷ್ಟೇ: ಒಂಬತ್ತನೇ ಒಂದು ಅಳತೆಯ ಮಾದರಿಯನ್ನು ಮೂರನೇ ಒಂದು ವೇಗದಲ್ಲಿ ಎಳೆದರೆ ಅಲೆಗಳ ಲೆಕ್ಕ ಸರಿ ಹೋಗುತ್ತದೆ. ಆದರೆ ನೀರು ಮೈಗೆ ಉಜ್ಜುವ ಲೆಕ್ಕ, ಸುಳಿಯ ಲೆಕ್ಕ ಹೋಗುವುದಿಲ್ಲ. ಮಾದರಿ ಚಿಕ್ಕದಾದಷ್ಟೂ ಸುಳ್ಳು ಜಾಸ್ತಿ.

1983ರ ಆಸ್ಟ್ರೇಲಿಯಾ 2 ತಂಡ ಅದಕ್ಕೇ ಹಾಲೆಂಡಿನ ತೊಟ್ಟಿಯಲ್ಲಿ ಮೂರನೇ ಒಂದು ಅಳತೆಯ ದೊಡ್ಡ ಮಾದರಿಗಳನ್ನು ಎಳೆಸಿತು. ರೆಕ್ಕೆ ಇರುವ ಕೀಲ್ (ದೋಣಿಯ ತಳದಲ್ಲಿ ನೀರಿಗಿಳಿದ ಭಾರದ ಹಲಗೆ) ಅಲ್ಲೇ ಪಕ್ಕಾ ಆಗಿದ್ದು. ದಡದಲ್ಲಿ ಯಾರಿಗೂ ಕಾಣದ ಹಾಗೆ ಪರದೆ ಕಟ್ಟುತ್ತಿದ್ದರು. 132 ವರ್ಷ ಅಮೆರಿಕದವರ ಕೈಲಿದ್ದ ಕಪ್ ಹೋಯಿತು, 4-3ರಲ್ಲಿ.

2024ರ ನಿಯಮದಲ್ಲಿ ತೊಟ್ಟಿಯೂ ಇರಲಿಲ್ಲ, ಗಾಳಿ ಊದಿ ಪರೀಕ್ಷಿಸುವ ಸುರಂಗವೂ ಇರಲಿಲ್ಲ. ಎಲ್ಲ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ದೋಣಿ ಓಡಿಸಿ ನೋಡುವುದು. 2021ಕ್ಕೆ ನ್ಯೂಜಿಲೆಂಡ್‌ನವರು ಕಂಪ್ಯೂಟರಿಗೇ ದೋಣಿ ಓಡಿಸಲು ಕಲಿಸಿದರು. ನಾವಿಕರು ಮಲಗಿದ್ದಾಗಲೂ ಹೊಸ ಫಾಯಿಲ್ ಪರೀಕ್ಷೆ ನಡೆಯಬಹುದು, ಅಲ್ವಾ?

ವಾಸ್ಕೋ_ಮೋಲ್ಡರ್:
ಸರಿ, ಮೋಲ್ಡ್ (ದೋಣಿ ಎರೆಯುವ ಅಚ್ಚು) ತಪ್ಪಾದರೆ? ನಮ್ಮಲ್ಲಿ ಎರಡು ಮಿಲಿ ಉಬ್ಬಿದರೂ ಉದ್ದನೆ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿಕೊಂಡು ಉಜ್ಜುತ್ತಾ ಕೂರಬೇಕು.

ಕೊಲಾಬಾ_ಗಾಳಿ:
2024ಕ್ಕೆ ಒಂದು ತಂಡಕ್ಕೆ ಒಂದೇ ಹೊಸ ಎಸಿ75, ಅಂದರೆ ಆ 75 ಅಡಿ ದೋಣಿ. ತಪ್ಪಾದರೆ ಅದನ್ನೇ ಉಜ್ಜಬೇಕು! ಅದಕ್ಕೇ ಸುಮಾರು 40 ಅಡಿಯ ಎಸಿ40 ಇರುವುದು. ಮಾದರಿಯೂ ಅದೇ, ದೋಣಿಯೂ ಅದೇ. ನಾಲ್ಕು ಜನ ಕೂತು ಓಡಿಸುತ್ತಾರೆ. ನನ್ನ ಕೇಳಿದರೆ ತೊಟ್ಟಿಗಿಂತ ಇದೇ ವಾಸಿ.

ಸಿಮ್ಯುಲೇಟರನ್ನೂ ಪೂರ್ತಿ ನಂಬಬೇಡಿ. 2021ರ ಜನವರಿ, ಆಕ್ಲೆಂಡ್. ಅಮೆರಿಕದ ಪೇಟ್ರಿಯಟ್ ದೋಣಿ ರೇಸಿನ ತಿರುವಿನ ಗುರುತನ್ನು ಸುತ್ತುವಾಗ ಗಾಳಿ ದಿಢೀರನೆ ಏರಿತು. ದೋಣಿ ಮೇಲಕ್ಕೆ ನೆಗೆದು ಮಗುಚಿತು, ಮೈಯಲ್ಲಿ ತೂತು ಬಿತ್ತು. ಮುಳುಗದಂತೆ ಹಿಡಿಯಲು ಎದುರಾಳಿ ತಂಡದವರೂ ಬಂದರು.